ಕಿರಣದ ಡಾಕ್ಟರ ಒಂದೇ ಪುಸ್ತಕ

ಎಲ್ಲ ರಾದ್ಧಾಂತಕ್ಕೂ ಮೂಲ, ದೊಡ್ಡ ಮೇಡಂ ಬೆಳಿಗ್ಗೆ ಹೇಳಿದ ಒಂದು ಒಳ್ಳೆಯ ಮಾತು.

"ನೋಡಪ್ಪಾ, ಈ ಸಲ ಒಂದೇ ಪುಸ್ತಕ ಇಟ್ಕೋ. ಒಂದನ್ನೇ ಮೊದಲಿಂದ ಕೊನೇವರೆಗೆ ಓದು. ಪಾಸಾಗ್ತೀಯ."

ಹೇಳಿದವರು ಆಸ್ಪತ್ರೆಯ ವಿಕಿರಣ ಚಿಕಿತ್ಸಾ ವಿಭಾಗದ ಮುಖ್ಯಸ್ಥೆ, ಹೇಳಿಸಿಕೊಂಡವರು ಅದೇ ವಿಭಾಗದ ಕಿರಿಯ ಡಾಕ್ಟರು. ಕ್ಯಾನ್ಸರ್ ರೋಗಿಗಳಿಗೆ ಯಂತ್ರದಿಂದ ಕಿರಣ ಕೊಡುವ ಕೆಲಸವಾದ್ದರಿಂದ ಅವರು ವಾಸವಿದ್ದ ಕಟ್ಟಡದ ಜನ ಅವರನ್ನು 'ಕಿರಣದ ಡಾಕ್ಟರು' ಎಂದೇ ಕರೆಯುತ್ತಿದ್ದರು. ಕೈಗುಣ ಒಳ್ಳೆಯದು, ಮಾತು ಮೆತ್ತಗೆ, ರೋಗಿಗಳಿಗೆ ಅವರೆಂದರೆ ಪ್ರಾಣ. ಆದರೆ ವಿಕಿರಣ ಭೌತಶಾಸ್ತ್ರ, ವಿಕಿರಣ ಜೀವಶಾಸ್ತ್ರ ಎಂಬ ಎರಡು ಪತ್ರಿಕೆಗಳ ಬೋರ್ಡ್ ಪರೀಕ್ಷೆ ಮಾತ್ರ ಅವರ ಪಾಲಿಗೆ ಎರಡು ಕೊಂಬಿನ ಗೂಳಿ. ಹೋದ ಸಲ ಎರಡು ಕೊಂಬಿನಿಂದಲೂ ತಿವಿಸಿಕೊಂಡು ಬಂದಿದ್ದರು.

ಓದದೆ ನಪಾಸಾದವರಲ್ಲ ಅವರು. ಓದಿಯೇ ನಪಾಸಾದವರು. ಒಂದು ಪುಸ್ತಕ ಹಿಡಿದು ಮೂರನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಯಾರೋ ಒಬ್ಬರು, "ಅಯ್ಯೋ, ಇದನ್ನ ಓದ್ತಿದೀರಾ?" ಎನ್ನುತ್ತಿದ್ದರು. ಡಾಕ್ಟರು ಆ ಪುಸ್ತಕ ಮುಚ್ಚಿ, ಹೊಸದನ್ನು ತಂದು, ಮತ್ತೆ ಮೊದಲ ಪುಟದಿಂದ ಶುರು ಮಾಡುತ್ತಿದ್ದರು. ಹೀಗಾಗಿ ಪರಮಾಣುವಿನ ರಚನೆ ಅವರಿಗೆ ಸ್ವಂತ ಅಡುಗೆಮನೆಗಿಂತ ಚೆನ್ನಾಗಿ ಗೊತ್ತಿತ್ತು. ಪ್ರಶ್ನೆ ಕೇಳುವವರು ಮಾತ್ರ ಹಾಳಾದವರು ನಾಲ್ಕನೆಯ ಅಧ್ಯಾಯದಿಂದ ಮುಂದೆಯೇ ಕೇಳುತ್ತಿದ್ದರು.

ಈ ಸಲದ ಪರೀಕ್ಷೆಗೆ ಇನ್ನು ಆರೇ ವಾರ. ಪಾಸಾದರೆ ವಿಭಾಗದಲ್ಲಿ ಕಾಯಂ ಕೆಲಸ. ಇಲ್ಲವಾದರೆ ಆ ಕುರ್ಚಿ ಬೇರೆಯವರಿಗೆ. ಡಾಕ್ಟರು ಗಂಟುಮೂಟೆ ಕಟ್ಟಿ ಇನ್ನೊಂದು ಊರು ಹುಡುಕಬೇಕು. ಹೆಂಡತಿಗೆ ಇಲ್ಲಿನ ಶಾಲೆಯಲ್ಲಿ ಈಗಷ್ಟೇ ಒಳ್ಳೆಯ ಕೆಲಸ ಸಿಕ್ಕಿತ್ತು. ಕಿಟಕಿಗೆ ಹೊಸ ಪರದೆ ಹೊಲಿಸುವ ಮಾತು ಬಂದಾಗೆಲ್ಲ ಆಕೆ, "ನೋಡೋಣ, ಪರೀಕ್ಷೆ ಆಗ್ಲಿ," ಎನ್ನುತ್ತಿದ್ದಳು. ಆ ಖಾಲಿ ಕಿಟಕಿ ಡಾಕ್ಟರನ್ನು ದಿನವೂ ದಿಟ್ಟಿಸುತ್ತಿತ್ತು.

ಹಾಗಾಗಿ ದೊಡ್ಡ ಮೇಡಂ ಮಾತು ಅವರಿಗೆ ಅಮೃತದಂತೆ ಕೇಳಿಸಿತು. ಒಂದೇ ಪುಸ್ತಕ! ಅಲ್ಲಿಗೆ ಕೈಮುಗಿದು ಹೊರಗೆ ಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಗ್ರಹಚಾರ ನೋಡಿ, ಬಾಗಿಲ ತನಕ ಹೋದವರು ತಿರುಗಿ ನಿಂತು ಕೇಳಿದರು:

"ಯಾವುದು ಮೇಡಂ?"

ದೊಡ್ಡ ಮೇಡಂ ಕಪಾಟಿನಿಂದ ಎರಡು ಕೈಯಲ್ಲಿ ಒಂದು ಗ್ರಂಥ ಎತ್ತಿ ಮೇಜಿನ ಮೇಲಿಟ್ಟರು. ಮೇಜು ನರಳಿತು. "ಇದೊಂದೇ. ನಾನು ಇದನ್ನೇ ಓದಿದ್ದು. ಇದರ ಜೊತೆ ಜೀವಶಾಸ್ತ್ರಕ್ಕೆ ಈ ಇನ್ನೊಂದು. ಆಮೇಲೆ ಇವೆರಡರ ಉತ್ತರಗಳಿಗೆ ಈ ಮೂರನೇದು. ಅಷ್ಟೇ, ಒಂದೇ ಪುಸ್ತಕ ಅಂದ್ಕೋ."

ಮೂರು ಭಾಗದ ಆ ಒಂದೇ ಪುಸ್ತಕವನ್ನು ಹೊತ್ತು ಡಾಕ್ಟರು ಪಡಸಾಲೆಗೆ ಬಂದರೆ ಹೋದ ವರ್ಷ ಪಾಸಾದ ಸಹೋದ್ಯೋಗಿ ಎದುರಾದ. ಪಾಸಾದ ಮೇಲೆ ಅವನ ನಡಿಗೆಯೇ ಬದಲಾಗಿತ್ತು.

"ಏನ್ರೀ ಇದು, ಮನೆಗೆ ಅಡಿಪಾಯ ಹಾಕ್ತಿದೀರಾ? ಇದನ್ನೆಲ್ಲ ಓದ್ತಾ ಕೂತ್ರೆ ಮೊಮ್ಮಕ್ಕಳ ಜೊತೆ ಪರೀಕ್ಷೆ ಬರೀತೀರಿ. ಬರೀ ಪ್ರಶ್ನೆ-ಉತ್ತರ ಉರು ಹೊಡೀರಿ." ಅವನು ತನ್ನ ಬೀರುವಿನಿಂದ ನಾಲ್ಕು ಸಂಪುಟಗಳ ಪ್ರಶ್ನೆಕೋಶ ತೆಗೆದು ಕೊಟ್ಟ. ಕೊಟ್ಟವನು ಅಷ್ಟಕ್ಕೇ ಬಿಡದೆ, "ಬೇಡ ಅಂದ್ರೆ ನಂಗೆ ಬೇಜಾರಾಗುತ್ತೆ," ಎಂದ.

ಬೇರೆಯವರಿಗೆ ಬೇಜಾರು ಮಾಡುವ ಕಲೆ ನಮ್ಮ ಡಾಕ್ಟರಿಗೆ ಹುಟ್ಟಿನಿಂದಲೇ ಒಲಿದಿರಲಿಲ್ಲ. ಅದನ್ನೂ ಹೊತ್ತರು.

ಮೂರನೆಯವರು ವಿಭಾಗದ ಭೌತತಜ್ಞರು. ಯಂತ್ರದಿಂದ ಹೊರಡುವ ಕಿರಣ ಎಲ್ಲಿ ಎಷ್ಟಿದೆ ಎಂದು ಅಳೆಯುವ ಮಾಪಕ ಸದಾ ಅವರ ಕೈಯಲ್ಲಿರುತ್ತಿದ್ದರಿಂದ ಎಲ್ಲರ ಬಾಯಲ್ಲೂ ಅವರು 'ಮೀಟರ್ ಸಾಹೇಬರು'. ಕಿರಣದ ಸುರಕ್ಷತೆಯ ಅಧಿಕಾರವೂ ಅವರದೇ. ಅವರು ಡಾಕ್ಟರ ತೋಳಿನ ರಾಶಿ ನೋಡಿ ತಲೆ ಚಚ್ಚಿಕೊಂಡರು.

"ಅಲ್ಲಾ ಮಾರಾಯರೇ, ರೋಗಿಗೆ ಒಂದೇ ದಿನ ಪೂರ್ತಿ ಡೋಸ್ ಕೊಡ್ತೀರಾ? ದಿನಕ್ಕಿಷ್ಟು ಅಂತ ಕೊಟ್ರೆ ಮಧ್ಯೆ ಒಳ್ಳೇ ಜೀವಕೋಶಗಳು ಸುಧಾರಿಸಿಕೊಳ್ತವೆ. ಓದೋದೂ ಹಂಗೇ. ದಿನಾ ಎರಡು ಲೆಕ್ಕ. ಎರಡೇ!"

"ಯಾವ ಪುಸ್ತಕದಿಂದ ಸರ್?" ಎಂದು ಕೇಳಿಯೇಬಿಟ್ಟರು ಡಾಕ್ಟರು. ನಾಲಿಗೆಗೆ ಮೂಳೆಯಿಲ್ಲ ನೋಡಿ.

ಲೆಕ್ಕದ ಪುಸ್ತಕಗಳು ಐದು ಬಂದವು. ಮೀಟರ್ ಸಾಹೇಬರು ರೋಗಿಯೊಬ್ಬರ ಚಿಕಿತ್ಸೆಯ ಯೋಜನೆ ಪರೀಕ್ಷಿಸಲು ಅವಸರದಲ್ಲಿ ಹೊರಟುಹೋದರು. ತೋಳು ಸೋತ ಡಾಕ್ಟರು ಉಗ್ರಾಣದ ಮೂಲೆಯಲ್ಲಿ ಬಿದ್ದಿದ್ದ ಗಟ್ಟಿ ರಟ್ಟಿನ ಖಾಲಿ ಪೆಟ್ಟಿಗೆಯೊಂದನ್ನು ಎಳೆದುಕೊಂಡು ಎಲ್ಲವನ್ನೂ ಅದರೊಳಗೆ ತುಂಬಿದರು. ಕೊನೆಗೆ, ಹೊರಕೊಠಡಿಯ ಬೆಂಚಿನ ಮೇಲೆ ಯಾರೋ ಎಂದೋ ಬಿಟ್ಟುಹೋಗಿದ್ದ, ಎರಡೂ ವಿಷಯ ಸೇರಿಸಿ ಬರೆದ, ರಟ್ಟು ಕಿತ್ತ ತೆಳ್ಳನೆಯ ಪುಸ್ತಕವೊಂದನ್ನು ಸ್ವಾಗತದ ಹುಡುಗಿ, "ಇದೂ ನಿಮ್ದೇ ಏನೋ, ತಗೊಳ್ಳಿ ಡಾಕ್ಟ್ರೇ," ಎಂದು ಮೇಲೆ ಎಸೆದಳು.

ಆ ಪೆಟ್ಟಿಗೆಯ ಮೇಲೊಂದು ಚೀಟಿಯಿತ್ತು. ಹಳದಿ ಬಣ್ಣ, ನಡುವೆ ಕಪ್ಪು ಚುಕ್ಕೆ, ಸುತ್ತ ಮೂರು ಕಪ್ಪು ಎಸಳು. ವಿಕಿರಣ ವಸ್ತು ಬಂದ ಪೆಟ್ಟಿಗೆ ಖಾಲಿಯಾದೊಡನೆ ಈ ಚೀಟಿಯನ್ನು ಕಿತ್ತುಹಾಕಬೇಕು ಎಂಬ ನಿಯಮ ಎಲ್ಲ ಪುಸ್ತಕಗಳಲ್ಲೂ ಇದೆ. ಆದರೆ ಇರುವುದು ಕೊನೆಯ ಅಧ್ಯಾಯದಲ್ಲಿ. ಡಾಕ್ಟರು ಅಷ್ಟು ದೂರ ಹೋದವರಲ್ಲ.

ಓದಲೆಂದು ಮಧ್ಯಾಹ್ನದಿಂದ ರಜೆ ಸಿಕ್ಕಿತ್ತು. ಪೆಟ್ಟಿಗೆಯನ್ನು ಹೇಗೋ ಮನೆಯ ಕಟ್ಟಡಕ್ಕೆ ತಂದು ಮೆಟ್ಟಿಲ ಬುಡದಲ್ಲಿ ಇಳಿಸಿದರು. ಲಿಫ್ಟಿಗೆ ಎಂದಿನಂತೆ ಹುಷಾರಿರಲಿಲ್ಲ. ಉಸಿರು ಬಿಡಲು, ಒಂದು ಲೋಟ ನೀರು ಕುಡಿದು ಬರೋಣವೆಂದು ಮೇಲಿದ್ದ ಆ ತೆಳ್ಳನೆಯ ಪುಸ್ತಕವನ್ನು ಮಾತ್ರ ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡನೆಯ ಮಹಡಿಗೆ ಹತ್ತಿದರು.

ಅಷ್ಟರಲ್ಲಿ ಕೆಳಗೆ ಕಟ್ಟಡದ ಕಾರ್ಯದರ್ಶಿಗಳು ಬಂದರು. ಟಿಕೆಟ್ ತಪಾಸಣೆಯ ಕೆಲಸದಿಂದ ನಿವೃತ್ತರಾದವರು. ರೈಲು ಬಿಟ್ಟರೂ ಅನುಮಾನ ಬಿಟ್ಟಿರಲಿಲ್ಲ. ಪೆಟ್ಟಿಗೆಯ ಸುತ್ತ ಒಂದು ಸುತ್ತು ಹಾಕಿದರು.

"ಯಾರೋ ಫ್ಯಾನ್ ತರಿಸಿದಾರೆ," ಎಂದರು.

"ಫ್ಯಾನ್ ಇಷ್ಟು ಭಾರ ಇರುತ್ತಾ?" ಎಂದ ಕೆಳಮನೆಯ ದರ್ಜಿ, ಕಾಲಿನಿಂದ ನೂಕಿ ನೋಡಿ. "ಮೂರೇ ರೆಕ್ಕೆ. ಗಾಳಿ ಸಾಲಲ್ಲ ಬಿಡಿ."

ದರ್ಜಿಯ ಮಗಳು ಕಾಲೇಜಿನಿಂದ ಬಂದವಳು ಬಗ್ಗಿ ನೋಡಿ ಕೈಚೀಲ ಕೆಳಗೆ ಬಿಟ್ಟಳು. "ಅಪ್ಪಾ! ಕಾಲು ತೆಗಿ! ಅದು ಫ್ಯಾನ್ ಅಲ್ಲ, ರೇಡಿಯೇಷನ್ನು!"

ಆಮೇಲಿನದು ಕಣ್ಣು ಮುಚ್ಚಿ ಬಿಡುವುದರೊಳಗೆ ನಡೆಯಿತು. ದರ್ಜಿ ನೂಕಿದ ಕಾಲನ್ನು ಎತ್ತಿ ಹಿಡಿದು ಕುಂಟುತ್ತಾ ರಸ್ತೆಗೆ ಓಡಿದ. ಕಾರ್ಯದರ್ಶಿಗಳು ಪ್ರತಿ ಮನೆಯ ಗಂಟೆ ಒತ್ತಿ, "ಎಲ್ಲಾ ಇಳೀರಿ! ಸಾಮಾನು ಬಿಟ್ಟು ಇಳೀರಿ!" ಎಂದು ಕೂಗಿದರು. ಜನ ಸಾಮಾನು ಹಿಡಿದುಕೊಂಡೇ ಇಳಿದರು. ಒಬ್ಬಾಕೆ ಎದೆಗೆ ಸ್ಟೀಲ್ ತಟ್ಟೆ ಒತ್ತಿಕೊಂಡಿದ್ದಳು. ಇನ್ನೊಬ್ಬ ಕುಕ್ಕರಿನ ಮುಚ್ಚಳವನ್ನು ಹೊಟ್ಟೆಯ ಮುಂದೆ ಹಿಡಿದಿದ್ದ. ಮೂರನೆಯ ಮಹಡಿಯ ನಿವೃತ್ತ ಅಂಚೆ ಮೇಡಂ ಒಬ್ಬರು ಮಾತ್ರ ಕಿಟಕಿಯಿಂದ, "ಒಲೆ ಮೇಲೆ ಹಾಲಿದೆ, ಉಕ್ಕಿದ ಮೇಲೆ ಬರ್ತೀನಿ," ಎಂದರು.

ಗಲಾಟೆ ಕೇಳಿ ಡಾಕ್ಟರು ನೀರಿನ ಲೋಟದೊಂದಿಗೇ ಕೆಳಗಿಳಿದರು.

"ಏನಾಯ್ತು? ಬೆಂಕಿನಾ?"

"ಬೆಂಕಿ ಆಗಿದ್ರೆ ಚೆನ್ನಾಗಿತ್ತು, ಕಣ್ಣಿಗಾದ್ರೂ ಕಾಣ್ತಿತ್ತು!" ಎಂದರು ಕಾರ್ಯದರ್ಶಿಗಳು. "ಈ ಪೆಟ್ಟಿಗೆ ಯಾರ್ದು?"

"ನಂದೇ. ಅದರಲ್ಲಿ ಏನೂ ಇಲ್ಲ ಸರ್."

"ಏನೂ ಇಲ್ದೇ ಇದ್ರೆ ಭಾರ ಯಾಕಿದೆ?"

"ಪುಸ್ತಕ ಸರ್. ಬೇಕಾದ್ರೆ ತೆಗೆದು ತೋರಿಸ್ತೀನಿ."

"ತೆಗೀಬೇಡಿ!" ಎಂದು ಇಡೀ ಕಟ್ಟಡ ಒಂದೇ ಕಂಠದಲ್ಲಿ ಅರಚಿತು. ಆ ಕಟ್ಟಡದ ಚರಿತ್ರೆಯಲ್ಲಿ ಎಲ್ಲರೂ ಒಂದೇ ಮಾತು ಆಡಿದ್ದು ಅದೇ ಮೊದಲು.

ಡಾಕ್ಟರಿಗೆ ಜನರ ಭಯ ನೋಡಿ ಪಾಪವೆನಿಸಿತು. ತಿಳಿಹೇಳಿದರೆ ಸರಿಹೋದಾರು ಎಂದುಕೊಂಡರು. "ನೋಡಿ, ಹೆದರೋದು ಬೇಡ. ಅಕಸ್ಮಾತ್ ಒಳಗೆ ಏನಾದ್ರೂ ಇದ್ರೂ, ಎರಡು ಪಟ್ಟು ದೂರ ಹೋದ್ರೆ ಕಿರಣ ನಾಲ್ಕರಲ್ಲೊಂದು ಭಾಗ ಆಗುತ್ತೆ."

"ಅಂದ್ರೆ ಏನೋ ಇದೆ!" ಎಂದು ದರ್ಜಿ ಕೂಗಿದ್ದೇ ತಡ, ಜನರೆಲ್ಲ ಎರಡು ಪಟ್ಟು ದೂರಕ್ಕೆ ಓಡಿದರು. ಅಲ್ಲಿಂದ ಡಾಕ್ಟರ ಮಾತು ಕೇಳಿಸದೆ, ಏನೋ ಹೆಚ್ಚಿನದು ಹೇಳುತ್ತಿದ್ದಾರೆಂದು ಮತ್ತೆರಡು ಪಟ್ಟು ಓಡಿದರು. ಕೊನೆಗೆ ಡಾಕ್ಟರು ಖಾಲಿ ಅಂಗಳದಲ್ಲಿ ಒಬ್ಬರೇ ನಿಂತು ಮೀಟರ್ ಸಾಹೇಬರಿಗೆ ಫೋನ್ ಮಾಡಿದರು.

ಮೀಟರ್ ಸಾಹೇಬರು ವಿಭಾಗದ ವ್ಯಾನಿನಲ್ಲಿ ಬಂದಿಳಿದರು. ಚೀಟಿ ನೋಡಿ, ಡಾಕ್ಟರನ್ನು ನೋಡಿ, ಆಕಾಶ ನೋಡಿದರು. ಆಮೇಲೆ ಮಾಪಕವನ್ನು ಪೆಟ್ಟಿಗೆಯ ಹತ್ತಿರ ಹಿಡಿದರು. ಅದು 'ಟಿಕ್' ಎಂದಿತು. ರಸ್ತೆಯಾಚೆಯ ಜನ ಒಂದು ಹೆಜ್ಜೆ ಹಿಂದೆ ಹಾರಿದರು.

"ಇದು ಎಲ್ಲಾ ಕಡೆ ಇರೋದೇ!" ಎಂದು ಸಾಹೇಬರು ಕೂಗಿ ಹೇಳಿ, ಪುರಾವೆಗೆಂದು ಮಾಪಕವನ್ನು ಕಾರ್ಯದರ್ಶಿಗಳು ದಿನಾ ಕೂರುವ ಕಲ್ಲುಬೆಂಚಿನ ಮೇಲಿಟ್ಟರು. ಅದು ಟಿಕ್ ಟಿಕ್ ಟಿಕ್ ಎಂದು ಇನ್ನೂ ಹುರುಪಿನಿಂದ ಹೊಡೆದುಕೊಂಡಿತು. "ಗ್ರಾನೈಟ್ ಕಲ್ಲಲ್ಲಿ ಸ್ವಲ್ಪ ಹೆಚ್ಚೇ ಇರುತ್ತೆ. ಏನೂ ಆಗಲ್ಲ."

ಜನ ಈಗ ಪೆಟ್ಟಿಗೆಯನ್ನು ಬಿಟ್ಟು ಕಾರ್ಯದರ್ಶಿಗಳನ್ನು ನೋಡಿದರು. ಅವರ ಪಕ್ಕದಲ್ಲಿ ನಿಂತಿದ್ದವನು ನಾಜೂಕಾಗಿ ಸರಿದು ನಿಂತ. ಕಾರ್ಯದರ್ಶಿಗಳು ಒಮ್ಮೆ ತಮ್ಮ ಹಿಂಭಾಗ ಮುಟ್ಟಿ ನೋಡಿಕೊಂಡರು.

"ನಾನು ಹೇಳಿದ್ದು ಹೇಳಿದ್ದೇ," ಎಂದರು ರೋಷದಿಂದ. "ಆ ಪೆಟ್ಟಿಗೆ ಈ ಕಟ್ಟಡದೊಳಗೆ ಬರಕೂಡದು!"

ಮೀಟರ್ ಸಾಹೇಬರು ಡಾಕ್ಟರ ಕಿವಿಯಲ್ಲಿ ಪಿಸುಗುಟ್ಟಿದರು: "ಏನಿಲ್ಲ, ಆ ಚೀಟಿ ಹರಿದು ಬಿಸಾಕಿ ಪೆಟ್ಟಿಗೆ ತೆರೆದು ತೋರಿಸ್ತೀನಿ. ಒಂದ್ನಿಮಿಷದ ಕೆಲಸ. ಇಲ್ಲಾಂದ್ರೆ ದೂರು ಬಂದ ಪೆಟ್ಟಿಗೆ ಅಂತ ಮುದ್ರೆ ಹಾಕಿ ನಮ್ಮ ಉಗ್ರಾಣದಲ್ಲಿ ಇಡ್ಬೇಕು. ಮೇಲಿನ ಆಫೀಸಿಂದ ಅಪ್ಪಣೆ ಬರೋಕೆ ಎರಡು ತಿಂಗಳು ಹಿಡಿಯುತ್ತೆ. ಹರೀಲಾ?"

ಡಾಕ್ಟರು ಪೆಟ್ಟಿಗೆಯನ್ನು ನೋಡಿದರು. ದೊಡ್ಡ ಮೇಡಂ ಅವರ ಮೂರು, ಸಹೋದ್ಯೋಗಿಯ ನಾಲ್ಕು, ಸಾಹೇಬರ ಐದು. ಆರಿಸಲಾರದೆ ಹೊತ್ತು ತಂದ ಹೊರೆ. ಎರಡು ತಿಂಗಳು ಉಗ್ರಾಣದಲ್ಲಿ. ಪರೀಕ್ಷೆ ಆರು ವಾರಕ್ಕೆ. ಮೇಲೆ ಮನೆಯಲ್ಲಿ ಉಳಿದಿರುವುದು ಯಾರೂ ಹೊಗಳದ, ಯಾರಿಗೂ ಬೇಜಾರಾಗದ, ಬಡಪಾಯಿ ತೆಳ್ಳನೆಯ ಪುಸ್ತಕ. ಒಂದೇ ಒಂದು.

ಅವರ ತಲೆಯೊಳಗೆ ದೀಪ ಹತ್ತಿತು.

"ಸರ್, ಹರೀಬೇಡಿ. ತಗೊಂಡು ಹೋಗಿ."

"ತಲೆ ಕೆಟ್ಟಿದೆಯೇನ್ರೀ? ಪುಸ್ತಕ?"

"ಅದಕ್ಕೇ ಸರ್. ನಿಮ್ಮ ಕಾಲಿಗೆ ಬೀಳ್ತೀನಿ, ಎರಡು ತಿಂಗಳು ಒಳಗೆ ಹಾಕಿ ಬೀಗ ಹಾಕ್ಬಿಡಿ. ಹೊರಗಿದ್ರೆ ನಾನು ಉದ್ಧಾರ ಆಗಲ್ಲ."

ಸಾಹೇಬರು ಮೂವತ್ತು ವರ್ಷ ಡಾಕ್ಟರುಗಳ ಜೊತೆ ಏಗಿದವರು. ಅರ್ಥವಾಯಿತು. ಮೀಸೆಯೊಳಗೆ ನಕ್ಕು, ಮುಖ ಬಿಗಿದು, ಜನರ ಕಡೆ ತಿರುಗಿ ಗಂಭೀರವಾಗಿ ಸಾರಿದರು: "ಎಲ್ಲರ ಕ್ಷೇಮಕ್ಕಾಗಿ ಈ ಪೆಟ್ಟಿಗೆಯನ್ನು ವಶಕ್ಕೆ ತಗೊಳ್ತಾ ಇದೀವಿ!"

ಚಪ್ಪಾಳೆ ಬಿತ್ತು. ವ್ಯಾನು ಹೊರಟಿತು. ಅಷ್ಟಕ್ಕೆ ಡಾಕ್ಟರು ಸುಮ್ಮನೆ ಮನೆಗೆ ಹೋಗಬೇಕಿತ್ತು. ಆದರೆ ಕಳ್ಳ ಸಂತೋಷ ಮುಖದಲ್ಲಿ ಕಂಡೀತೆಂಬ ಹೆದರಿಕೆಯಿಂದ, ಮುಖ ಇಳಿಬಿಟ್ಟು ವ್ಯಾನನ್ನೇ ನೋಡುತ್ತಾ ನಿಂತರು.

"ಡಾಕ್ಟ್ರೇ, ನಿಮ್ಗೆ ಪರೀಕ್ಷೆ ಇತ್ತಲ್ವಾ?" ಎಂದು ದರ್ಜಿ ಮೆಲ್ಲಗೆ ಕೇಳಿದ. "ಅದ್ರಲ್ಲಿದ್ದಿದ್ದು ಅದರ ಪುಸ್ತಕಾನಾ?"

"ಇರಲಿ ಬಿಡಿ," ಎಂದರು ಡಾಕ್ಟರು, ಒಂದು ನಿಟ್ಟುಸಿರು ಸೇರಿಸಿ. "ನಿಮ್ಮೆಲ್ಲರ ಕ್ಷೇಮಕ್ಕಿಂತ ನನ್ನ ಪರೀಕ್ಷೆ ದೊಡ್ಡದಾ?"

ಕುಕ್ಕರಿನ ಮುಚ್ಚಳ ಹಿಡಿದವನು ಅದನ್ನು ಮೆಲ್ಲಗೆ ಕೆಳಗಿಳಿಸಿದ. ತಟ್ಟೆಯಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಾರ್ಯದರ್ಶಿಗಳು ನೆಲ ನೋಡಿದರು. ನಾಟಕ ಚೆನ್ನಾಗಿ ಕಳೆಗಟ್ಟಿತೆಂದು ಹಿಗ್ಗಿ ಡಾಕ್ಟರು ಎರಡೆರಡು ಮೆಟ್ಟಿಲು ಹಾರಿ ಮನೆ ಸೇರಿದರು.

ಆ ಮಧ್ಯಾಹ್ನ ಅವರು ಓದಿದರು ನೋಡಿ, ಹಾಗೆ ಜನ್ಮದಲ್ಲಿ ಓದಿರಲಿಲ್ಲ! ತೆಳ್ಳನೆಯ ಪುಸ್ತಕ ಬಳಸು ಮಾತಿಲ್ಲದೆ, ಪಕ್ಕದಲ್ಲಿ ಕೂತು ಹೇಳಿದಂತೆ ಹೇಳುತ್ತಿತ್ತು. ಕಿರಣ ತಾಗಿದ ಜೀವಕೋಶ ತನ್ನನ್ನು ತಾನು ಹೇಗೆ ಹೊಲಿದುಕೊಳ್ಳುತ್ತದೆ ಎಂಬುದು ಮೊದಲ ಬಾರಿಗೆ ತಲೆಗೆ ಹೋಯಿತು. ಮೂರನೆಯ ಅಧ್ಯಾಯ ಮುಗಿಯಿತು. ಬಾಗಿಲು ತಟ್ಟುವವರಿಲ್ಲ, "ಅಯ್ಯೋ, ಇದನ್ನ ಓದ್ತಿದೀರಾ" ಎನ್ನುವವರಿಲ್ಲ. ಪುಟ ಮಗುಚಿದರೆ, ನಾಲ್ಕನೆಯ ಅಧ್ಯಾಯ! ಹೊಸ ಖಂಡ ಕಂಡ ನಾವಿಕನಂತೆ ಅವರ ಕಣ್ಣು ಒದ್ದೆಯಾಯಿತು. ಅದನ್ನೂ ಮುಗಿಸಿ, ಸಂತೋಷ ತಡೆಯಲಾರದೆ, ಸಂಜೆ ಪೇಟೆಬೀದಿಗೆ ಹೋಗಿ ಪರದೆಯ ಬಟ್ಟೆ ನೋಡಿಕೊಂಡೇ ಬಂದರು. ನೀಲಿಯದು ಹೆಂಡತಿಗೆ ಒಪ್ಪೀತು ಅನ್ನಿಸಿತು.

ಹಿಂತಿರುಗಿದರೆ ಮನೆ ತುಂಬ ಜನ.

ಕಾರ್ಯದರ್ಶಿಗಳು ನಡುಮನೆಯಲ್ಲಿ ನಿಂತಿದ್ದರು. ಸೋಫಾದ ಮೇಲೆ, ಮೇಜಿನ ಮೇಲೆ, ನೆಲದ ಮೇಲೆ ಪುಸ್ತಕಗಳು ಮದುವೆ ಮನೆಯ ಪಾತ್ರೆಗಳಂತೆ ಹರಡಿದ್ದವು.

"ಬನ್ನಿ ಡಾಕ್ಟ್ರೇ. ಮಧ್ಯಾಹ್ನದಿಂದ ನಂಗೆ ತುತ್ತು ಇಳೀಲಿಲ್ಲ. ನಮ್ಮ ಹೆದರಿಕೆಗೆ ನಿಮ್ಮ ಪರೀಕ್ಷೆ ಬಲಿ ಕೊಡೋದಾ? ನಾನೇ ಆಸ್ಪತ್ರೆಗೆ ಹೋಗಿ ನಿಮ್ಮ ದೊಡ್ಡ ಮೇಡಂ ಹತ್ರ ತಪ್ಪೊಪ್ಪಿಕೊಂಡೆ. ಎಂಥಾ ತಾಯಿ ಅಂತೀರಿ! ಆ ಕ್ಷಣಾನೇ ಇಡೀ ವಿಭಾಗ ಕರೆಸಿ, 'ಎಲ್ಲರೂ ಅವರವರ ಹತ್ರ ಇರೋ ಪುಸ್ತಕ ತನ್ನಿ' ಅಂದ್ರು. ಎಣಿಸೋಕೆ ಹೋಗ್ಬೇಡಿ, ಮೊದಲಿದ್ದಕ್ಕಿಂತ ಜಾಸ್ತಿನೇ ಇವೆ!"

ಬಾಗಿಲ ಹಿಂದೆ ಮೀಟರ್ ಸಾಹೇಬರು ತಾವೂ ಒಂದು ಹೊರೆ ಹೊತ್ತು ನಿಂತಿದ್ದರು. ಡಾಕ್ಟರ ಕಣ್ಣಿಗೆ ಕಣ್ಣು ಸೇರಿಸದೆ ಗೊಣಗಿದರು: "ಮೇಡಂ ಎದುರಿಗೆ ನಾನೇನು ಹೇಳ್ಲಿ ಮಾರಾಯರೇ? ನೀವೇ ಬೀಗ ಹಾಕಿಸಿದ್ರಿ ಅನ್ಲಾ?"

"ದಿನಾ ಒಬ್ಬೊಬ್ಬರು ಫೋನ್ ಮಾಡಿ ಅವರವರ ಪುಸ್ತಕದಿಂದ ಪ್ರಶ್ನೆ ಕೇಳ್ತಾರಂತೆ," ಎಂದು ದರ್ಜಿ ಸಂಭ್ರಮದಿಂದ ಸೇರಿಸಿದ. "ಸರದಿ ಹಾಕ್ಕೊಂಡಿದಾರೆ. ನಮ್ಮ ಹುಡುಗೀನೂ ಅವಳ ಕಾಲೇಜಿನ ಪುಸ್ತಕ ಇಟ್ಟಿದಾಳೆ, ನೋಡಿ, ಅಲ್ಲಿ, ಕಿಟಕೀಲಿ."

ಖಾಲಿ ಕಿಟಕಿಯ ಅರ್ಧದವರೆಗೆ ಪುಸ್ತಕಗಳು ಎದ್ದಿದ್ದವು. ಡಾಕ್ಟರು ಎಲ್ಲರಿಗೂ ಕೈಮುಗಿದರು. ಮುಗಿಯದೆ ಏನು ಮಾಡಿಯಾರು? ಬಂದವರ ಮುಖದಲ್ಲಿ ಅಷ್ಟು ಅಕ್ಕರೆ ಇತ್ತು. ಹೋಗುವಾಗ ಒಬ್ಬೊಬ್ಬರೂ ಬೆನ್ನು ತಟ್ಟಿ ಹೋದರು.

ಇರಲಿ, ಎಂದುಕೊಂಡರು ಡಾಕ್ಟರು. ಇವೆಲ್ಲ ಬಿದ್ದಿರಲಿ. ಫೋನ್ ಬಂದರೆ ಬರಲಿ. ನನಗೆ ನನ್ನ ತೆಳ್ಳನೆಯದೊಂದು ಸಾಕು, ಐದನೆಯ ಅಧ್ಯಾಯ ಕಾಯುತ್ತಿದೆ. ಹಾಸಿಗೆ ನೋಡಿದರು. ಮೇಜಿನ ಕೆಳಗೆ ನೋಡಿದರು. ರಾಶಿಯನ್ನು ಕೆದರಿದರು.

"ಏನು ಹುಡುಕ್ತಿದೀರಾ?" ಎಂದು ಹೆಂಡತಿ ಕೇಳಿದಳು.

"ಇಲ್ಲೊಂದು ತೆಳ್ಳಗೆ... ರಟ್ಟಿಲ್ಲದ್ದು..."

"ಅದಾ? ಮೇಲಿನ ಮನೆ ಅಂಚೆ ಮೇಡಂ ಬಂದಿದ್ರು ರೀ. ಕೆಳಗೆ ನೀವು ಕಿರಣದ ವಿಷ್ಯ ಹೇಳಿದ್ದು ಕಿಟಕಿಯಿಂದ ಕೇಳಿ ಆಸೆ ಆಯ್ತಂತೆ, ಓದೋಕೆ ಏನಾದ್ರೂ ಸಣ್ಣದಿದ್ರೆ ಕೊಡಮ್ಮ ಅಂದ್ರು. ಪಾಪ, ವಯಸ್ಸಾದೋರು. ಇಷ್ಟೊಂದು ಬಂದಿವೆಯಲ್ಲಾ ಅಂತ ಕೊಟ್ಟೆ."

ಡಾಕ್ಟರು ಚಪ್ಪಲಿ ಮೆಟ್ಟದೆ ಮೇಲಕ್ಕೋಡಿದರು.

ಅಂಚೆ ಮೇಡಂ ದೀಪದ ಕೆಳಗೆ ಕುರ್ಚಿ ಎಳೆದುಕೊಂಡು, ಕನ್ನಡಕ ಮೂಗಿನ ತುದಿಗಿಳಿಸಿ, ಮೊದಲ ಪುಟದಲ್ಲೇ ಮುಳುಗಿದ್ದರು.

"ಬನ್ನಿ ಬನ್ನಿ ಡಾಕ್ಟ್ರೇ! ಏನ್ ಸೊಗಸಾಗಿದೆ ಅಂತೀರಿ, ಕತೆ ಥರಾ ಹೋಗುತ್ತೆ. ಅವಸರ ಮಾಡಲ್ಲ ನಾನು, ದಿನಕ್ಕೊಂದು ಪುಟ."

ನಿಜ ಹೇಳೋಣವೆಂದರೆ ಕಾರ್ಯದರ್ಶಿಗಳು ನುಂಗದೆ ಬಿಟ್ಟ ತುತ್ತು ನೆನಪಾಯಿತು. ವಯಸ್ಸಾದವರ ಕೈಯಿಂದ ಕಿತ್ತುಕೊಳ್ಳೋಣವೆಂದರೆ ಅಂಥ ಗುಂಡಿಗೆ ಇಲ್ಲ. ಕೊನೆಗೆ ಡಾಕ್ಟರು ಮನಸ್ಸು ಗಟ್ಟಿಮಾಡಿಕೊಂಡು, ಇಡೀ ವರ್ಷ ಬೇರೆಯವರಿಂದ ಕೇಳಿದ ಮಾತನ್ನು ಮೊದಲ ಬಾರಿಗೆ ತಾವೇ ಆಡಿದರು:

"ಅಯ್ಯೋ, ಇದನ್ನ ಓದ್ತಿದೀರಾ ಅಮ್ಮಾ? ಇದ್ರಲ್ಲಿ ಹುರುಳಿಲ್ಲ. ಕೆಳಗೆ ಒಳ್ಳೊಳ್ಳೇ ದಪ್ಪ ಪುಸ್ತಕ ಬಂದಿವೆ. ಇದನ್ನ ಕೊಡಿ, ಅವುಗಳಲ್ಲಿ ಒಂದನ್ನ ತಂದ್ಕೊಡ್ತೀನಿ."

ಅಂಚೆ ಮೇಡಂ ಕನ್ನಡಕ ಮೇಲೇರಿಸಿ ಡಾಕ್ಟರನ್ನು ಬಹಳ ಕರುಣೆಯಿಂದ ನೋಡಿದರು.

"ಗೊತ್ತಾಯ್ತು ಬಿಡಿ. ಯಾವುದು ಓದ್ಬೇಕು ಅಂತ ಪಾಪ ನಿಮ್ಗೆ ತಿಳೀತಿಲ್ಲ. ಒಂದ್ಕೆಲ್ಸ ಮಾಡಿ, ಅವನ್ನೆಲ್ಲ ಒಂದೊಂದಾಗಿ ಮೇಲೆ ಕಳಿಸಿ. ಇದರ ಪಕ್ಕದಲ್ಲಿ ಇಟ್ಕೊಂಡು, ಪೂರ್ತಿ ಓದಿ, ಯಾವುದು ಒಳ್ಳೇದು ಅಂತ ನಾನೇ ಆರಿಸಿ ಕೊಡ್ತೀನಿ. ಅಲ್ಲೀವರೆಗೂ," ಎಂದು ತೆಳ್ಳನೆಯ ಪುಸ್ತಕವನ್ನು ಮಡಿಲಲ್ಲಿ ಭದ್ರವಾಗಿಟ್ಟುಕೊಂಡು ಬೆರಳೆತ್ತಿದರು, "ನೀವು ಯಾವುದನ್ನೂ ಮುಟ್ಟಕೂಡದು."